ಗಾಮಾ ಸಿಡಿತ: ಕಂಡದ್ದು 1967ರಲ್ಲಿ, ಸಿಕ್ಕಿದ್ದು 1997ರಲ್ಲಿ

ಗಾಮಾ ಕಿರಣ ಸಿಡಿತ ಅಂದರೆ ಆಕಾಶದ ಯಾವುದೋ ಮೂಲೆಯಿಂದ ಬಂದು, ಸ್ವಲ್ಪ ಹೊತ್ತಿನಲ್ಲೇ ಮಾಯವಾಗುವ ಗಾಮಾ ಕಿರಣಗಳ ಮಿಂಚು. ಅವುಗಳ ಬಗ್ಗೆ ಈಗ ಬರುವ ಸುದ್ದಿ ಓದಿದರೆ ತಲೆ ಗಿರ್ ಅನ್ನುತ್ತದೆ. ಉದ್ದ ಸಿಡಿತ, ಗಿಡ್ಡ ಸಿಡಿತ, ಆಫ್ಟರ್‌ಗ್ಲೋ, ಕಿಲೊನೋವಾ, ಗುರುತ್ವದ ಅಲೆ. ಹಿಂದಿನದ್ದೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಪ್ರತಿ ಸುದ್ದಿಯೂ ಶುರುವಾಗುತ್ತದೆ. ಆದರೆ ಈ ಗೋಜಲಿನ ಬುಡದಲ್ಲಿರುವ ತೊಡಕು ಒಂದೇ. ಸಿಡಿತ ಆಯಿತು ಅಂತ ತಿಳಿಯುವುದು ಸುಲಭ. ಆಕಾಶದಲ್ಲಿ ಎಲ್ಲಿ ಆಯಿತು ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಅದನ್ನೂ ಬೇಗ ತೋರಿಸಬೇಕು.

ಮೊದಲು ಕಂಡವರು ಇದನ್ನು ಹುಡುಕುತ್ತಲೇ ಇರಲಿಲ್ಲ. 1963ರಲ್ಲಿ ಅಣ್ವಸ್ತ್ರ ಪರೀಕ್ಷೆಗೆ ಕಡಿವಾಣ ಹಾಕುವ ಒಪ್ಪಂದ ಆಯಿತು. ಯಾರಾದರೂ ಕದ್ದುಮುಚ್ಚಿ ಬಾಂಬ್ ಸಿಡಿಸುತ್ತಾರಾ ನೋಡೋಣ ಅಂತ ಅಮೆರಿಕ ವೆಲಾ ಉಪಗ್ರಹಗಳನ್ನು ಹಾರಿಸಿತು. 1967ರ ಜುಲೈ 2ರಂದು ಅವುಗಳಿಗೆ ಒಂದು ಗಾಮಾ ಮಿಂಚು ಕಂಡಿತು. ಬಾಂಬಿನ ಗುರುತು ಅದರಲ್ಲಿ ಇರಲಿಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ರೇ ಕ್ಲೆಬೆಸಾಡೆಲ್ ಮತ್ತು ಸಂಗಡಿಗರು ದಾಖಲೆ ತಿರುವಿ ಹಾಕಿದರು. 1969ರಿಂದ 1972ರ ನಡುವೆ ಕಂಡ 16 ಸಿಡಿತಗಳ ವಿವರವನ್ನು 1973ರಲ್ಲಿ ಪ್ರಕಟಿಸಿದರು. ಇವು ಭೂಮಿಯಿಂದಲೂ ಅಲ್ಲ, ಸೂರ್ಯನಿಂದಲೂ ಅಲ್ಲ ಅಂತಷ್ಟೇ ಅವರು ಖಚಿತವಾಗಿ ಹೇಳಬಹುದಿತ್ತು.

ಮುಂದಿನ ಇಪ್ಪತ್ತು ವರ್ಷ ಊಹೆಗಳ ಕಾಲ. ಸಿಡಿತದ ಮೂಲ ಏನು ಅನ್ನುವುದಕ್ಕೆ ನೂರಕ್ಕೂ ಹೆಚ್ಚು ಸಿದ್ಧಾಂತಗಳು ಬಂದವು. ಜಾಗ ಮಾತ್ರ ಸಿಗಲಿಲ್ಲ.

ಯಾಕೆ ಸಿಗಲಿಲ್ಲ? ಬೆಳಕನ್ನು ಬಾಗಿಸುವ ಹಾಗೆ ಗಾಮಾ ಕಿರಣವನ್ನು ಕನ್ನಡಿಯಲ್ಲಿ ಬಾಗಿಸಿ ಒಂದು ಬಿಂದುವಿಗೆ ತರಲು ಆಗುವುದಿಲ್ಲ. ಅದು ಕನ್ನಡಿಯೊಳಗೇ ನುಗ್ಗಿ ಹೋಗುತ್ತದೆ. ಹಾಗಾಗಿ ಡಿಟೆಕ್ಟರ್‌ಗೆ ಸಿಗುವುದು ಚಿತ್ರ ಅಲ್ಲ, ಬರೀ ಎಣಿಕೆ. ಕಣ್ಣು ಮುಚ್ಚಿಕೊಂಡು ಗುಡುಗು ಕೇಳಿದ ಹಾಗೆ. ಇದಕ್ಕೆ ಒಂದು ಉಪಾಯ ಇತ್ತು. ದೂರ ದೂರ ಇರುವ ಎರಡು ಮೂರು ನೌಕೆಗಳಿಗೆ ಸಿಡಿತ ಯಾವ್ಯಾವ ಕ್ಷಣದಲ್ಲಿ ತಲುಪಿತು ಅಂತ ನೋಡಿ, ಆ ವ್ಯತ್ಯಾಸದಿಂದ ದಿಕ್ಕು ಲೆಕ್ಕ ಹಾಕುವುದು. ನಿಖರತೆ ಚೆನ್ನಾಗಿಯೇ ಇರುತ್ತಿತ್ತು. ಆದರೆ ಎಲ್ಲ ನೌಕೆಗಳ ದತ್ತಾಂಶ ಕೈಗೆ ಬಂದು ಲೆಕ್ಕ ಮುಗಿಯುವಷ್ಟರಲ್ಲಿ ದಿನಗಳು, ವಾರಗಳು ಕಳೆದಿರುತ್ತಿದ್ದವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಟೆಲಿಸ್ಕೋಪ್ ತಿರುಗಿಸಿದರೆ ಅಲ್ಲಿ ಖಾಲಿ ಆಕಾಶ.

ಕೆಲವರು ಆಕಾಶದ ಹಳೆಯ ಫೋಟೋ ಪ್ಲೇಟುಗಳನ್ನೂ ಜಾಲಾಡಿದರು. ಅದೇ ಜಾಗದಲ್ಲಿ ಹಿಂದೆ ಯಾವಾಗಲಾದರೂ ಮಿಂಚಿದ್ದರೆ? 1978ರ ನವೆಂಬರ್‌ನ ಒಂದು ಸಿಡಿತದ ಜಾಗದಲ್ಲಿ, 1928ರ ಹಾರ್ವರ್ಡ್ ಪ್ಲೇಟಿನಲ್ಲಿ ಒಂದು ಚುಕ್ಕೆ ಇದೆ ಅಂತ 1981ರಲ್ಲಿ ವರದಿಯಾಯಿತು. ಅದು ನಿಜವಾದ ಬೆಳಕೋ, ಪ್ಲೇಟಿನ ದೋಷವೋ ಅಂತ ಮುಂದೆ ಜಗಳವಾಯಿತು. ಐವತ್ತು ವರ್ಷ ಹಳೆಯ ಚುಕ್ಕೆಗೆ ಜೋತುಬೀಳುವಷ್ಟು ಬರಗಾಲ, ನೋಡಿ.

1991ರಲ್ಲಿ ಗಾಮಾ ಕಿರಣ ನೋಡುವ ಕಾಂಪ್ಟನ್ ವೀಕ್ಷಣಾಲಯ ಉಪಗ್ರಹವಾಗಿ ಮೇಲೆ ಹೋಯಿತು. ಅದರ ಎಂಟು ಮೂಲೆಗಳಲ್ಲಿದ್ದ ಬ್ಯಾಟ್ಸಿ ಡಿಟೆಕ್ಟರ್‌ಗಳು ದಿನಕ್ಕೊಂದರ ಹತ್ತಿರ ಸಿಡಿತ ಹಿಡಿದವು. ಒಂಬತ್ತು ವರ್ಷದಲ್ಲಿ 2704. ಆಕಾಶದ ನಕ್ಷೆಯಲ್ಲಿ ಚುಕ್ಕೆಗಳು ಎಲ್ಲ ಕಡೆ ಸಮನಾಗಿ ಹರಡಿದವು. ಹಾಲುಹಾದಿಯ ಪಟ್ಟಿಯ ಸುತ್ತ ಗುಂಪು ಕಟ್ಟಲೇ ಇಲ್ಲ. ಅಂದರೆ ಸಿಡಿತಗಳು ನಮ್ಮ ಗೆಲಾಕ್ಸಿಯ ಆಚೆ, ಬಹಳ ದೂರದವು ಅಂತ ಖಗೋಳ ವಿಜ್ಞಾನಿ ಬೊಹ್ದಾನ್ ಪಾಚಿನ್‌ಸ್ಕಿ ವಾದಿಸಿದರು. ಗೆಲಾಕ್ಸಿಯ ಸುತ್ತಲಿನ ದೊಡ್ಡ ಹೊರವಲಯದಲ್ಲಿರುವ ನ್ಯೂಟ್ರಾನ್ ನಕ್ಷತ್ರಗಳೂ (ಸತ್ತ ದೊಡ್ಡ ನಕ್ಷತ್ರಗಳ ಗಟ್ಟಿ ತಿರುಳು) ಹೀಗೇ ಕಾಣಬಹುದಲ್ಲ ಅಂದವರು ಇನ್ನೊಬ್ಬ ಖಗೋಳ ವಿಜ್ಞಾನಿ ಡೊನಾಲ್ಡ್ ಲ್ಯಾಂಬ್. 1995ರಲ್ಲಿ ವಾಷಿಂಗ್ಟನ್‌ನಲ್ಲಿ ಇಬ್ಬರೂ ಎದುರುಬದುರು ವಾದಿಸಿದರು. ಮಧ್ಯಸ್ಥಿಕೆ ಮಾರ್ಟಿನ್ ರೀಸ್ ಅವರದು. ಎರಡೂ ಕಡೆಯವರ ಕೈಯಲ್ಲಿ ಸಾವಿರಕ್ಕೂ ಹೆಚ್ಚು ಸಿಡಿತಗಳ ಪಟ್ಟಿ ಇತ್ತು. ಒಂದೇ ಒಂದರ ದೂರವೂ ಗೊತ್ತಿರಲಿಲ್ಲ. ಎಣಿಕೆ ಜಾಸ್ತಿಯಾದರೆ ಉತ್ತರ ತಾನಾಗಿ ಬರುತ್ತದೆ ಅನ್ನುವ ನಂಬಿಕೆ ಆಗ ಸ್ವಲ್ಪ ಅತಿಯೇ ಆಗಿತ್ತು ಅಂತ ಈಗ ಅನಿಸುತ್ತದೆ.

ಬ್ಯಾಟ್ಸಿ ಕೊಡುತ್ತಿದ್ದ ಜಾಗ ಹಲವು ಡಿಗ್ರಿ ಅಗಲ. ಇನ್ನೂರಕ್ಕೂ ಜಾಸ್ತಿ ಹುಣ್ಣಿಮೆ ಚಂದ್ರರನ್ನು ಜೋಡಿಸಿಡುವಷ್ಟು ಆಕಾಶ. ಈ ಅನುಮಾನದ ವಲಯಕ್ಕೆ ಎರರ್ ಬಾಕ್ಸ್ ಅನ್ನುತ್ತಾರೆ. ದೊಡ್ಡ ಟೆಲಿಸ್ಕೋಪ್ ಒಮ್ಮೆಗೆ ನೋಡುವುದು ಅದರ ಒಂದು ಚೂರನ್ನು ಮಾತ್ರ. ಆದರೂ ಇಲ್ಲೊಂದು ಒಳ್ಳೆಯ ಕೆಲಸ ನಡೆಯಿತು, ಅದೂ ಒಂದು ಕೆಡುಕಿನಿಂದ. ಕಾಂಪ್ಟನ್‌ನ ಟೇಪ್ ರೆಕಾರ್ಡರ್‌ಗಳು ಕೆಟ್ಟವು. ದತ್ತಾಂಶವನ್ನು ಕೂಡಿಟ್ಟು ಕಳಿಸುವ ಬದಲು ಆಗಿಂದಾಗಲೇ ಕೆಳಗೆ ಇಳಿಸಬೇಕಾಯಿತು. ಹಾಗಾದರೆ ಜಾಗವನ್ನೂ ಆಗಿಂದಾಗಲೇ ಲೆಕ್ಕ ಹಾಕಬಹುದಲ್ವಾ? ಸ್ಕಾಟ್ ಬಾರ್ಥೆಲ್ಮಿ 1993ರಲ್ಲಿ ಶುರು ಮಾಡಿದ ಸಂದೇಶಜಾಲ ಸೆಕೆಂಡುಗಳಲ್ಲಿ ಟೆಲಿಸ್ಕೋಪ್‌ಗಳಿಗೆ ದಿಕ್ಕು ಮುಟ್ಟಿಸತೊಡಗಿತು. ಅದೇ ಮುಂದೆ ಜಿಸಿಎನ್ (ಗಾಮಾ ಸಿಡಿತಗಳ ಜಾಗ ಸಾರುವ ಜಾಲ) ಆಯಿತು. ಈ ಕಥೆ ಹೇಳುವಾಗ ಉಪಗ್ರಹಗಳ ಹೆಸರು ಎಲ್ಲರೂ ಹೇಳುತ್ತಾರೆ. ಸುದ್ದಿ ಮುಟ್ಟಿಸಿದ ಜಾಲದ ಹೆಸರು ಹೇಳುವವರು ಕಡಿಮೆ.

ಬೀಗ ತೆರೆದದ್ದು 1996ರ ಏಪ್ರಿಲ್‌ನಲ್ಲಿ ಹಾರಿದ ಬೆಪ್ಪೋಸ್ಯಾಕ್ಸ್. ಇಟಲಿ ಮತ್ತು ನೆದರ್‌ಲ್ಯಾಂಡ್ಸ್ ಸೇರಿ ಮಾಡಿದ ಉಪಗ್ರಹ. ಇದರ ಅಗಲಕಣ್ಣಿನ ಎಕ್ಸ್-ರೇ ಕ್ಯಾಮೆರಾಗಳ ಮುಂದೆ ತೂತುಗಳ ಜಾಲರಿ ಇತ್ತು. ಜಾಲರಿಯ ನೆರಳು ಬಿದ್ದ ರೀತಿಯಿಂದ ದಿಕ್ಕು ಹೇಳಬಹುದು. ಹಾಗೆ ಗೊತ್ತಾದ ಕಡೆಗೆ ಉಪಗ್ರಹವನ್ನೇ ತಿರುಗಿಸಿ, ಇನ್ನೂ ಚೂಪಾದ ಎಕ್ಸ್-ರೇ ಟೆಲಿಸ್ಕೋಪ್‌ನಿಂದ ನೋಡಬಹುದು. ಮೊದಲ ಅವಕಾಶ ಸುಮ್ನೆ ಹೋಯಿತು. 1996ರ ಜುಲೈ 20ರ ಸಿಡಿತ ಗೊತ್ತಾದದ್ದೇ ಆಮೇಲೆ ದಾಖಲೆ ನೋಡುವಾಗ. ತಿರುಗಿ ನೋಡುವಷ್ಟರಲ್ಲಿ ಆರು ವಾರ ಕಳೆದಿತ್ತು. 1997ರ ಜನವರಿ 11ರದ್ದಕ್ಕೆ ಎಲ್ಲರೂ ಓಡಿದರು. ಏನೂ ಸಿಗಲಿಲ್ಲ.

ಮೂರನೆಯದು ಫೆಬ್ರವರಿ 28ರದ್ದು. ಜಿಆರ್‌ಬಿ 970228. ಹೆಸರು ಅಂದರೆ ತಾರೀಖೇ. ಎಂಟು ಗಂಟೆಯೊಳಗೆ ಉಪಗ್ರಹ ತಿರುಗಿ ನೋಡಿತು. ಹೊಸದೊಂದು ಎಕ್ಸ್-ರೇ ಮೂಲ ಇತ್ತು, ದಿನಗಳಲ್ಲೇ ಮಂಕಾಯಿತು. ಅನುಮಾನದ ವಲಯ ಈಗ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಐದನೇ ಒಂದು ಪಾಲಿಗೆ ಇಳಿದಿತ್ತು. ಯಾನ್ ವಾನ್ ಪರಾಡೈಸ್ ಅವರ ತಂಡ ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಶೆಲ್ ಟೆಲಿಸ್ಕೋಪ್‌ನಲ್ಲಿ ಆ ಜಾಗದ ಚಿತ್ರ ತೆಗೆಯಿತು. ಸಿಡಿತವಾಗಿ ಆಗ 21 ಗಂಟೆ. ಮಾರ್ಚ್ 8ರಂದು ಮತ್ತೊಂದು ಚಿತ್ರ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮೊದಲನೆಯದರಲ್ಲಿದ್ದ ಒಂದು ಚುಕ್ಕೆ ಎರಡನೆಯದರಲ್ಲಿ ಇಲ್ಲ. ಸಿಡಿತದ ಬೆನ್ನಿಗೆ ಉಳಿದು ಮಂಕಾಗುತ್ತಾ ಹೋಗುವ ಈ ಬೆಳಕೇ ಆಫ್ಟರ್‌ಗ್ಲೋ. ಮೂವತ್ತು ವರ್ಷ ಹುಡುಕಿದ್ದು ಈ ಚುಕ್ಕೆಯನ್ನು.

ಅಷ್ಟಕ್ಕೇ ಜಗಳ ನಿಲ್ಲಲಿಲ್ಲ. ಚುಕ್ಕೆಯ ಕೆಳಗೆ ಮಸುಕಾದ ಏನೋ ಇತ್ತು. ಅದು ದೂರದ ಗೆಲಾಕ್ಸಿಯೋ ಅಲ್ಲವೋ? ಚುಕ್ಕೆಯೇ ಸರಿಯುತ್ತಿದೆ, ಹಾಗಾಗಿ ಹತ್ತಿರದ್ದೇ ಇರಬೇಕು ಅಂತಲೂ ಒಂದು ವಾದ ಬಂತು. ಮೇ 8ರಂದು ಇನ್ನೊಂದು ಸಿಡಿತ ಸಿಕ್ಕಿತು. ಈ ಸಲ ಬೆಳಕು ಒಂದೆರಡು ದಿನ ಏರಿ ಆಮೇಲೆ ಇಳಿಯಿತು. ಆ ಪುರುಸೊತ್ತಿನಲ್ಲಿ ಮಾರ್ಕ್ ಮೆಟ್ಜ್‌ಗರ್ ಮತ್ತು ಸಂಗಡಿಗರು ಹವಾಯಿಯ ಕೆಕ್ ಟೆಲಿಸ್ಕೋಪ್‌ನಲ್ಲಿ ಅದರ ವರ್ಣಪಟಲ ಹಿಡಿದರು. ದಾರಿಯಲ್ಲಿದ್ದ ಅನಿಲ ಬೆಳಕಿನಲ್ಲಿ ಗೆರೆಗಳನ್ನು ಬಿಟ್ಟಿತ್ತು. ಬ್ರಹ್ಮಾಂಡ ಹಿಗ್ಗುವುದರಿಂದ ದೂರದ ಬೆಳಕಿನ ಗೆರೆಗಳು ಕೆಂಪಿನ ಕಡೆ ಸರಿಯುತ್ತವೆ, ಆ ಸರಿತಕ್ಕೆ ರೆಡ್‌ಶಿಫ್ಟ್ ಅನ್ನುತ್ತಾರೆ. ಇಲ್ಲಿ ಅದು 0.835. ಸಿಡಿತ ಕಡೇಪಕ್ಷ ಅಷ್ಟು ದೂರ, ಅಂದರೆ ನೂರಾರು ಕೋಟಿ ಜ್ಯೋತಿರ್ವರ್ಷ. ವಾದ ಮುಗಿಸಿದ್ದು ಬ್ಯಾಟ್ಸಿಯ ಉದ್ದದ ಪಟ್ಟಿಯಲ್ಲ, ಒಂದು ಮಂಕು ಚುಕ್ಕೆಯ ಒಂದು ರಾತ್ರಿಯ ಬೆಳಕು.

ಇನ್ನು ಉಳಿದದ್ದು ವೇಗ. ಸಿಡಿತ ನಡೆಯುತ್ತಿರುವಾಗಲೇ ಬೆಳಕು ಕಾಣುತ್ತದಾ? ಲಾಸ್ ಅಲಮೋಸ್‌ನಲ್ಲಿದ್ದ ರಾಟ್ಸಿ ಯಂತ್ರ ಅಂದರೆ ನಾಲ್ಕು ಕ್ಯಾಮೆರಾ ಟೆಲಿಫೋಟೋ ಲೆನ್ಸ್, ತಾನಾಗಿ ತಿರುಗುವ ಒಂದು ಸ್ಟ್ಯಾಂಡ್. 1999ರ ಜನವರಿ 23ರಂದು ಜಾಲದಿಂದ ಸಂದೇಶ ಬಂತು. ಸಿಡಿತ ಶುರುವಾದ 22ನೇ ಸೆಕೆಂಡಿಗೆ ಅದು ಚಿತ್ರ ತೆಗೆಯಲು ಶುರು ಮಾಡಿತು. ಬೆಳಕು ಸುಮಾರು 9ನೇ ಕಾಂತಿಮಾನಕ್ಕೆ ಏರಿತ್ತು. ಬೈನಾಕ್ಯುಲರ್‌ನಲ್ಲಿ ಕಾಣುವಷ್ಟು! ದೊಡ್ಡ ದೊಡ್ಡ ಕನ್ನಡಿಗಳು ಇನ್ನೂ ಸುದ್ದಿಗಾಗಿ ಕಾಯುತ್ತಿದ್ದಾಗ ಲೆನ್ಸುಗಳು ಕೆಲಸ ಮುಗಿಸಿದ್ದವು.

2004ರ ಸ್ವಿಫ್ಟ್ ಉಪಗ್ರಹ ಇವೆಲ್ಲವನ್ನೂ ಒಂದೇ ಮೈಯಲ್ಲಿ ಕೂಡಿಸಿತು. ತಾನೇ ಹಿಡಿಯುತ್ತದೆ, ಒಂದೆರಡು ನಿಮಿಷದಲ್ಲಿ ತಾನೇ ತಿರುಗುತ್ತದೆ, ಎಕ್ಸ್-ರೇ ಮತ್ತು ಬೆಳಕು ಎರಡರಲ್ಲೂ ನೋಡುತ್ತದೆ. 2008ರ ಮಾರ್ಚ್ 19ರ ಎರಡನೇ ಸಿಡಿತ ಕೆಲವು ಸೆಕೆಂಡು ಬರಿಗಣ್ಣಿಗೆ ಕಾಣುವಷ್ಟು ಬೆಳಗಿತು. ಅದರ ಬೆಳಕು 750 ಕೋಟಿ ವರ್ಷ ನಡೆದು ಬಂದದ್ದು. ಅರ್ಧ ಗಂಟೆ ಮುಂಚೆ ಆಕಾಶದ ಅದೇ ಆಸುಪಾಸಿನಲ್ಲಿ ಇನ್ನೊಂದು ಸಿಡಿತ ಆಗಿದ್ದರಿಂದ ಹಲವು ಟೆಲಿಸ್ಕೋಪ್‌ಗಳು ಆಗಲೇ ಆ ಕಡೆ ಮುಖ ಮಾಡಿದ್ದವು. ಅದೃಷ್ಟ ಅಂದರೆ ಇದು. ಹಾಗಂತ ಎಲ್ಲ ಸಿಡಿತಕ್ಕೂ ಬೆಳಕು ಸಿಗುವುದಿಲ್ಲ. ದೊಡ್ಡ ಪಾಲು ಕತ್ತಲಲ್ಲೇ ಉಳಿಯುತ್ತದೆ. ಕೆಲವಕ್ಕೆ ಧೂಳು ಅಡ್ಡ, ಕೆಲವು ತೀರಾ ದೂರ, ಕೆಲವಕ್ಕೆ ನಾವು ತಡ.

ಈಗಿನ ಸುದ್ದಿಗಳು ಗೋಜಲಾಗಿ ಕಾಣಲು ಕಾರಣ ಇಲ್ಲಿದೆ. ಎರರ್ ಬಾಕ್ಸ್ ಮತ್ತೆ ದೊಡ್ಡದಾಗಿದೆ. 2008ರಲ್ಲಿ ಹಾರಿದ ಫರ್ಮಿ ಉಪಗ್ರಹ ಆಕಾಶದ ಬಹುಪಾಲನ್ನು ಒಟ್ಟಿಗೆ ನೋಡುತ್ತದೆ, ಜಾಗ ಮಾತ್ರ ಬ್ಯಾಟ್ಸಿಯ ಹಾಗೆ ಡಿಗ್ರಿಗಳ ಲೆಕ್ಕದಲ್ಲಿ ಕೊಡುತ್ತದೆ. ಭಾರೀ ಕಾಯಗಳು ಒಂದಕ್ಕೊಂದು ಸುತ್ತಿ ಕೂಡುವಾಗ ದೇಶಕಾಲದಲ್ಲೇ ಏಳುವ ಕಂಪನ, ಅಂದರೆ ಗುರುತ್ವದ ಅಲೆಗಳ ಕಥೆಯೂ ಅದೇ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದ ಅಲೆ ಬಂತು. 1.7 ಸೆಕೆಂಡಿನ ನಂತರ ಗಿಡ್ಡ ಗಾಮಾ ಸಿಡಿತ, ಅಂದರೆ ಸುಮಾರು ಎರಡು ಸೆಕೆಂಡಿನೊಳಗೆ ಮುಗಿಯುವಂಥದ್ದು. ಹುಡುಕಬೇಕಾದ ಜಾಗ ಸುಮಾರು ಮೂವತ್ತು ಚದರ ಡಿಗ್ರಿ. ಅಷ್ಟರೊಳಗಿನ ಗೆಲಾಕ್ಸಿಗಳ ಪಟ್ಟಿ ಹಿಡಿದು ಒಂದೊಂದಾಗಿ ನೋಡುತ್ತಾ ಹೋದವರಿಗೆ ಹನ್ನೊಂದು ಗಂಟೆಯೊಳಗೆ ಎನ್‌ಜಿಸಿ 4993 ಅನ್ನುವ ಗೆಲಾಕ್ಸಿಯಲ್ಲಿ ಹೊಸ ಬೆಳಕು ಕಂಡಿತು. ಹೀಗೆ ಕೂಡಿದ ನಕ್ಷತ್ರಗಳ ಬೆಳಕಿಗೇ ಕಿಲೊನೋವಾ ಅನ್ನುತ್ತಾರೆ. ಅದನ್ನು ಮೊದಲು ಹಿಡಿದದ್ದು ಚಿಲಿಯ ಸ್ವೋಪ್, ಒಂದೇ ಮೀಟರ್ ಕನ್ನಡಿಯ ಹಳೆಯ ಟೆಲಿಸ್ಕೋಪ್.

ಹೊಸ ಅಲೆ ಡಿಟೆಕ್ಟರ್‌ಗಳಿಗೆ ಬೇಡಿಕೆ ಇದೆ, ಹಣವೂ ಇದೆ. ಸಂದೇಶ ಬಂದ ಕ್ಷಣ ತಿರುಗಲು ಕಾಯುತ್ತಾ ಕೂರುವ ಸಣ್ಣ ಟೆಲಿಸ್ಕೋಪ್‌ಗಳ ಬಗ್ಗೆ ಆ ಉತ್ಸಾಹ ಕಾಣುವುದಿಲ್ಲ. 2024ರಲ್ಲಿ ಐನ್‌ಸ್ಟೈನ್ ಪ್ರೋಬ್ ಮತ್ತು ಎಸ್‌ವಿಒಎಂ ಉಪಗ್ರಹಗಳು ಹಾರಿದ್ದು ಸಮಾಧಾನದ ವಿಷಯ. ಎರಡಕ್ಕೂ ಜಾಗ ಹೇಳಲು ಬರುತ್ತದೆ. ಎರಡು ವರ್ಷದ ಕೆಲಸಕ್ಕೆಂದು ಹೋದ ಸ್ವಿಫ್ಟ್‌ಗೆ ಇಪ್ಪತ್ತು ದಾಟಿದೆ. ಸೂರ್ಯನ ಅಬ್ಬರಕ್ಕೆ ಭೂಮಿಯ ಮೇಲ್ಗಾಳಿ ಉಬ್ಬಿಕೊಂಡು, ಅದರ ಕಕ್ಷೆ ಇಳಿಯುತ್ತಾ ಬಂದಿದೆ.