ಕನ್ನಂಬಾಡಿ ಹಿನ್ನೀರಿನಲ್ಲಿ ವೇಕ್‌ಬೋರ್ಡಿಂಗ್: ಯಾವ ಬೋಟ್ ತಗೋಬೇಕು?

ಪ್ರಶ್ನೆ: ನಾವು ಮೈಸೂರಿನ ಐದಾರು ಗೆಳೆಯರು. ಗೋವಾದಲ್ಲಿ ಜಲಕ್ರೀಡೆ ಆಡಿ ಬಂದ ಮೇಲೆ ಇಲ್ಲೂ ಒಂದು ಬೋಟ್ ಇಟ್ಟುಕೊಳ್ಳೋಣ ಅನ್ನಿಸಿದೆ. ಕೆಆರ್‌ಎಸ್ ಹಿನ್ನೀರಿನ ಪಕ್ಕದಲ್ಲೇ ನಮ್ಮವರ ಜಮೀನಿದೆ. ಬೋಟ್ ಎಳೆಯುವ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತು ಹೋಗುವ ವೇಕ್‌ಬೋರ್ಡಿಂಗ್ ಕಲಿಯಬೇಕು, ಮನೆ ಮಕ್ಕಳನ್ನು ಗಾಳಿ ತುಂಬಿದ ಟ್ಯೂಬ್ ಮೇಲೆ ಕೂರಿಸಿ ಎಳೆಯಬೇಕು, ಮುಂದೆ ಹಗ್ಗ ಬಿಟ್ಟು ಬೋಟಿನ ಅಲೆಯ ಮೇಲೇ ಹೋಗುವ ವೇಕ್‌ಸರ್ಫಿಂಗೂ ಮಾಡಬೇಕು. ಎಲ್ಲಕ್ಕೂ ಆಗುವ ಒಂದೇ ಬೋಟ್ ಯಾವುದು? ವಿಡಿಯೊಗಳಲ್ಲಿ ಬರುವ, ಟವರ್ (ಹಗ್ಗ ಕಟ್ಟುವ ಎತ್ತರದ ಚೌಕಟ್ಟು) ಇರುವ ದೊಡ್ಡ ಬೋಟೇ ಬೇಕಾ?

ಉತ್ತರ: ಬೇಡ. ನೀವು ಹೇಳಿದ ನೀರಿಗೆ, ನೀವು ಹೇಳಿದಷ್ಟು ಜನಕ್ಕೆ, 18ರಿಂದ 20 ಅಡಿ ಉದ್ದದ, 115ರಿಂದ 150 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂದೆ, ಹೊರಗೆ ನೇತುಬೀಳುವ) ಮೋಟರ್ ಕೂರಿಸಿದ ಬೋಟ್ ಸಾಕು. ವೇಕ್‌ಬೋರ್ಡಿಂಗ್, ಟ್ಯೂಬ್, ಬನಾನಾ ರೈಡ್, ಸ್ಕೀ ಎಲ್ಲಾ ಅದರಲ್ಲೇ ನಡೆಯುತ್ತವೆ. ವೇಕ್‌ಸರ್ಫಿಂಗ್ ಮಾತ್ರ ಅದರ ಹಿಂದೆ ಮಾಡಬಾರದು. ಆ ಆಸೆಯನ್ನು ಈಗಲೇ ಬದಿಗಿಡಿ. ಕಾರಣ ಮುಂದೆ ಹೇಳುತ್ತೇನೆ.

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಬೋಟಿನ ಫೋಟೊ ಹಿಡಿದುಕೊಂಡೇ ಬರುತ್ತಾರೆ. ನಾನು ನೀರಿನಿಂದ ಶುರು ಮಾಡುತ್ತೇನೆ.

ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಅನ್ನೋದು ಮೈಸೂರು, ಮಂಡ್ಯದ ಕಡೆ ಮಕ್ಕಳಿಗೂ ಗೊತ್ತು. ಒಳ್ಳೆ ಮಳೆಯಾದ ವರ್ಷ ಕಟ್ಟೆ ತುಂಬುತ್ತದೆ. ಬರ ಬಿದ್ದರೆ 2024ರ ಬೇಸಿಗೆಯ ಹಾಗೆ 90 ಅಡಿಗಿಂತಲೂ ಕೆಳಗೆ ಇಳಿಯುತ್ತದೆ. ಅಂದರೆ ಮಳೆಗಾಲದಲ್ಲಿ ಎರಡಾಳು ನೀರು ನಿಂತಿದ್ದ ಜಾಗದಲ್ಲಿ ಬೇಸಿಗೆ ಹೊತ್ತಿಗೆ ದನ ಮೇಯುತ್ತಿರುತ್ತವೆ. ಪೂರ್ತಿ ತುಂಬಿದಾಗ ತೊಂದರೆ ಕಡಿಮೆ. ಪೂರ್ತಿ ಒಣಗಿದಾಗ ಬೋಟೇ ಇಳಿಯುವುದಿಲ್ಲ. ಅಪಾಯ ಇರುವುದು ಇವೆರಡರ ನಡುವಿನ ತಿಂಗಳುಗಳಲ್ಲಿ. ಮೇಲೆ ನೋಡಿದರೆ ಥಳಥಳ ನೀರು. ಒಂದೂವರೆ ಅಡಿ ಕೆಳಗೆ ಬಂಡೆ, ಹಳೇ ಮರದ ಬೊಡ್ಡೆ, ಮುಳುಗಿದ ಊರಿನ ಕಲ್ಲು.

ನಿಮ್ಮದೇ ಜಮೀನು ಪಕ್ಕದಲ್ಲಿದೆ ಅಂತೀರಿ, ಅದು ದೊಡ್ಡ ಅನುಕೂಲ. ಬೋಟಿಗೆ ಅಡ್ವಾನ್ಸ್ ಕೊಡುವ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಿಂದೆ ಸರಿದಾಗ ಆ ನೆಲದ ಮೇಲೆ ನಡೆದು ಬನ್ನಿ. ಕಂಡ ಬಂಡೆಗಳನ್ನೆಲ್ಲ ಫೋನಿನ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಿ. ಆ ದಿನದ ಕಟ್ಟೆಯ ಮಟ್ಟವನ್ನೂ ಪಕ್ಕದಲ್ಲಿ ಬರೆದಿಡಿ. ಮೀನು ಹಿಡಿಯುವವರನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಆ ನೀರಿನ ತಳ ಅವರಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಅವರು ಬಲೆ ಬಿಡುವ ಜಾಗಗಳೂ ಆಗಲೇ ತಿಳಿಯುತ್ತವೆ.

ಈಗ ನಿಮ್ಮ ವಿಡಿಯೊದ ಬೋಟಿಗೆ ಬರೋಣ. ಮಾಸ್ಟರ್‌ಕ್ರಾಫ್ಟ್, ಮಾಲಿಬು, ನಾಟಿಕ್ ಕಂಪನಿಗಳ ಆ ದೊಡ್ಡ ವೇಕ್ ಬೋಟುಗಳಲ್ಲಿ ಹೆಚ್ಚಿನವು ವಿ-ಡ್ರೈವ್. ಎಂಜಿನ್ ಬೋಟಿನ ಹಿಂಭಾಗದಲ್ಲಿ, ಒಳಗೇ ಇರುತ್ತದೆ. ಅದರ ಭಾರಕ್ಕೆ ಹಿಂಭಾಗ ನೀರಿನಲ್ಲಿ ಕುಸಿದು ಹಿಂದೆ ಎತ್ತರದ ಅಲೆ ಏಳುತ್ತದೆ. ಪ್ರೊಪೆಲ್ಲರ್ ಬೋಟಿನ ಹೊಟ್ಟೆಯ ಕೆಳಗೆ, ಹಿಂದಿನ ಅಂಚಿನಿಂದ ಸಾಕಷ್ಟು ಒಳಗಿರುತ್ತದೆ. ನೀರಲ್ಲಿ ಇರುವವರಿಗೆ ಅದೇ ಕ್ಷೇಮ. ವೇಕ್‌ಬೋರ್ಡಿಂಗ್‌ಗೆ ಅದಕ್ಕಿಂತ ಒಳ್ಳೆ ಬೋಟ್ ಇಲ್ಲ, ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರೊಪೆಲ್ಲರ್, ಶಾಫ್ಟ್, ಚುಕ್ಕಾಣಿ ಮೂರೂ ಮೇಲಕ್ಕೆ ಎತ್ತಲು ಬರುವುದಿಲ್ಲ. ಒಂದು ಬಂಡೆ ತಾಗಿತು ಅಂದರೆ ಶಾಫ್ಟ್ ಬಾಗುತ್ತದೆ. ಆಮೇಲೆ ಬೋಟನ್ನೇ ನೀರಿನಿಂದ ಹೊರಗೆ ಎತ್ತಬೇಕು. 22 ಅಡಿಯ ಆ ಬೋಟ್ ಖಾಲಿ ಇದ್ದಾಗಲೇ ಎರಡು ಟನ್ ದಾಟುತ್ತದೆ. ಅದನ್ನು ಇಳಿಸಲು, ಎತ್ತಲು ಕಾಂಕ್ರೀಟ್ ಇಳಿಜಾರು ಬೇಕು. ನಿಮಗಿರುವುದು ಹಿನ್ನೀರಿನ ಹೂಳು ನೆಲ, ಒಂದು ಟ್ರ್ಯಾಕ್ಟರ್. ಹೂಳಿನಲ್ಲಿ ಎರಡು ಟನ್ ಟ್ರೈಲರ್ ಹೂತರೆ ಟ್ರ್ಯಾಕ್ಟರೂ ಜೊತೆಗೆ ಹೂತುಕೊಳ್ಳುತ್ತದೆ. ಬೆಲೆಯೂ ನೋಡಿ. ಹೊಸದು ಅಮೆರಿಕದಲ್ಲೇ ಒಂದು ಲಕ್ಷ ಡಾಲರ್ ದಾಟುತ್ತದೆ, ಆಮೇಲೆ ಸಾಗಾಟ, ಸುಂಕ.

ಔಟ್‌ಬೋರ್ಡ್ ಹಾಗಲ್ಲ. ಮೋಟರ್ ಪೂರ್ತಿ ಹೊರಗೆ, ಹಿಂದಿನ ಹಲಗೆಗೆ ನೇತುಬಿದ್ದಿರುತ್ತದೆ. ನೀರು ಕಡಿಮೆಯಾದರೆ ಬಟನ್ ಒತ್ತಿ ಮೇಲಕ್ಕೆ ಎತ್ತಬಹುದು. ಬೊಡ್ಡೆಗೆ ತಾಗಿದರೂ ಹಿಂದಕ್ಕೆ ಒದರಿಕೊಂಡು ಮೇಲೇಳುವ ಹಾಗೆ ಕೀಲು ಇರುತ್ತದೆ. ಅಲ್ಯೂಮಿನಿಯಂ ಪ್ರೊಪೆಲ್ಲರ್‌ನ ಎಲೆ ಬಾಗಿದರೆ ದಡಕ್ಕೆ ತಂದು, ಬಿಚ್ಚಿ, ಇನ್ನೊಂದು ಹಾಕಿಕೊಳ್ಳಬಹುದು. ಒಂದು ಹೆಚ್ಚುವರಿ ಪ್ರೊಪೆಲ್ಲರ್, ಪಿನ್ನು, ಸ್ಪ್ಯಾನರ್ ಯಾವಾಗಲೂ ಬೋಟಿನಲ್ಲೇ ಇರಲಿ. ರಿಪೇರಿ ವಿಷಯದಲ್ಲೂ ಇದೇ ಲೇಸು. ಮಲ್ಪೆ, ಮಂಗಳೂರು, ಕಾರವಾರದ ಮೀನುಗಾರರ ನಾಡದೋಣಿಗಳಿಗೆ ಇರುವುದು ಔಟ್‌ಬೋರ್ಡೇ. ಬಿಡಿಭಾಗ, ಕೈಪಳಗಿದ ಮೆಕ್ಯಾನಿಕ್ ಎರಡೂ ಕರಾವಳಿಯಲ್ಲಿ ಸಿಗುತ್ತಾರೆ.

ಬಲೆಯ ಬಗ್ಗೆ ಒಂದು ಮಾತು ವಿವರವಾಗಿ ಹೇಳಬೇಕು. ಹಿನ್ನೀರಿನಲ್ಲಿ ಮೀನು ಹಿಡಿಯುವವರು ತೆಪ್ಪದಲ್ಲಿ ಹೋಗಿ ಸಂಜೆ ಬಲೆ ಬಿಟ್ಟಿರುತ್ತಾರೆ. ಅದರ ನೈಲಾನ್ ದಾರ ಪ್ರೊಪೆಲ್ಲರ್‌ಗೆ ಸುತ್ತಿದರೆ ಮೇಲಿನದನ್ನು ಚಾಕುವಿನಲ್ಲಿ ಕೊಯ್ದು ತೆಗೆದು ಸುಮ್ಮನಾಗುತ್ತೇವೆ. ಒಂದೆರಡು ಎಳೆ ಪ್ರೊಪೆಲ್ಲರ್‌ನ ಹಿಂದಿನ ಸೀಲ್ ಒಳಗೆ ಸೇರಿ ಅದನ್ನು ಕೊರೆಯುತ್ತಾ ಇರುತ್ತದೆ. ನೀರು ಗೇರ್ ಪೆಟ್ಟಿಗೆಗೆ ಇಳಿಯುತ್ತದೆ. ಅದಕ್ಕೇ ದಾರ ಸುತ್ತಿದ ದಿನ ಪ್ರೊಪೆಲ್ಲರ್ ಪೂರ್ತಿ ಬಿಚ್ಚಿ ನೋಡಿ. ಕೆಳಗಿನ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಗೇರ್ ಆಯಿಲ್ ಬೆರಳಿಗೆ ತಗೊಳ್ಳಿ. ಬೆಳ್ಳಗೆ ಕದಡಿದ್ದರೆ ನೀರು ಸೇರಿದೆ, ಸೀಲ್ ಬದಲಿಸದೆ ಬೋಟ್ ಇಳಿಸಬೇಡಿ. ಬಲೆ ಕಳೆದುಕೊಂಡವರಿಗೆ ಅದರ ದುಡ್ಡು ಕೊಡಿ, ಅದು ಅವರ ಅನ್ನ.

ಸ್ಟರ್ನ್‌ಡ್ರೈವ್ ಅಂತ ಇನ್ನೊಂದು ಬಗೆ ಇದೆ, ಎಂಜಿನ್ ಒಳಗೆ, ಪ್ರೊಪೆಲ್ಲರ್ ಇರುವ ಕಾಲು ಹೊರಗೆ. ಓಡುವಾಗ ಚೆನ್ನಾಗಿರುತ್ತದೆ, ಆದರೆ ನೀರು ಒಳಗೆ ಬರದ ಹಾಗೆ ತಡೆಯುವ ಅದರ ರಬ್ಬರ್ ತೋಳುಗಳನ್ನು ನೋಡಿಕೊಳ್ಳುವವರು ಇಲ್ಲಿ ಕಡಿಮೆ. ಜೆಟ್ ಸ್ಕೀಗೆ ಹೊರಗೆ ಪ್ರೊಪೆಲ್ಲರ್ ಇಲ್ಲ, ಕಲಿಯುವವನನ್ನು ಎಳೆಯಲು ಆಗುತ್ತದೆ. ಎಳೆಯುವುದಾದರೆ ಮೂರು ಸೀಟಿನದೇ ಆಗಬೇಕು: ಓಡಿಸುವವನಿಗೆ ಒಂದು, ಹಿಂದೆ ನೋಡುತ್ತಾ ಕೂರುವವನಿಗೆ ಒಂದು, ನೀರಿನಿಂದ ಎತ್ತಿಕೊಳ್ಳಲು ಒಂದು. ನಮ್ಮ ಕಡೆಯ ಜೊಂಡು, ಅಂತರಗಂಗೆ ಅದು ನೀರು ಹೀರುವ ಬಾಯಿಗೆ ಸಿಕ್ಕರೆ ಅಲ್ಲೇ ನಿಂತುಬಿಡುತ್ತದೆ.

ಇನ್ನು ವೇಕ್‌ಸರ್ಫಿಂಗ್. ವೇಕ್‌ಬೋರ್ಡ್‌ನಲ್ಲಿ ನಿಂತವನು 50ರಿಂದ 75 ಅಡಿ ಹಗ್ಗದ ತುದಿಯಲ್ಲಿ, ಬೋಟಿನಿಂದ ದೂರ ಇರುತ್ತಾನೆ. ಸರ್ಫ್ ಮಾಡುವವನು ಹಗ್ಗ ಬಿಟ್ಟು ಅಲೆಯ ಮೇಲೇ ಬರುತ್ತಾನೆ. ಬೋಟಿನ ಹಿಂದಿನ ಅಂಚಿನಿಂದ 10-15 ಅಡಿ ಅಷ್ಟೇ. ಅಲೆ ಅವನನ್ನು ಮುಂದಕ್ಕೆ, ಅಂದರೆ ಬೋಟಿನ ಕಡೆಗೇ ತಳ್ಳುತ್ತದೆ. ಔಟ್‌ಬೋರ್ಡ್ ಆಗಲಿ, ಸಾಮಾನ್ಯ ಸ್ಟರ್ನ್‌ಡ್ರೈವ್ ಆಗಲಿ, ಪ್ರೊಪೆಲ್ಲರ್ ಸರಿಯಾಗಿ ಆ ಜಾಗದಲ್ಲೇ ತಿರುಗುತ್ತಿರುತ್ತದೆ. ಬಿದ್ದವನು ಅದರ ಮೇಲೆ ಹೋಗುತ್ತಾನೆ. ನಿಧಾನ ಹೋದರೆ, ಹುಷಾರಾಗಿದ್ದರೆ ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ. ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೂಡ ಬೋಟಿನ ಹಿಂಭಾಗದಲ್ಲೇ ಕವಿಯುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ಸುತ್ತಿ ಬೀಳುವವರೆಗೂ ಗೊತ್ತಾಗುವುದಿಲ್ಲ. ಸರ್ಫಿಂಗ್ ಬೇಕೇ ಬೇಕು ಅಂದರೆ ಎಂಜಿನ್ ಒಳಗೆ, ಪ್ರೊಪೆಲ್ಲರ್ ಹೊಟ್ಟೆಯ ಕೆಳಗಿರುವ ಇನ್‌ಬೋರ್ಡ್, ಇಲ್ಲವೇ ವೋಲ್ವೊ ಪೆಂಟಾ 2015ರಲ್ಲಿ ತಂದ ಫಾರ್ವರ್ಡ್ ಡ್ರೈವ್‌ನಂಥ, ಪ್ರೊಪೆಲ್ಲರ್ ಮುಂದಕ್ಕೆ ಮುಖ ಮಾಡಿ ಒಳಗೆ ಸರಿದಿರುವ ವ್ಯವಸ್ಥೆ ಬೇಕು.

ದೊಡ್ಡ ಅಲೆ ಇಲ್ಲದಿದ್ದರೆ ಮಜಾ ಏನು ಅಂತ ಕೇಳಬಹುದು. ಕಲಿಯುವವನಿಗೆ ದೊಡ್ಡ ಅಲೆ ಅಡ್ಡಿಯೇ. ಮೊದಲು ಮೊಣಕಾಲು ಎದೆಗೆ ಒತ್ತಿ ನೀರಲ್ಲಿ ಕೂತು, ಬೋಟ್ ಎಳೆದಾಗ ಅವಸರ ಪಡದೆ ಏಳುವುದು ಬರಬೇಕು. ಅದಕ್ಕೆ 50-55 ಅಡಿ ಹಗ್ಗ, ಗಂಟೆಗೆ 25ರಿಂದ 30 ಕಿ.ಮೀ. ವೇಗ ಸರಿ. ಚೆನ್ನಾಗಿ ಬರುವವರು 32ರಿಂದ 37ಕ್ಕೆ ಹೋಗುತ್ತಾರೆ. ಅಲೆ ಹುಟ್ಟುವುದು ಬೋಟಿನ ತೂಕದಿಂದ. ಹಾಗಾಗಿ ಮುಂದೆ ಜಾಸ್ತಿ ಅಲೆ ಬೇಕಾದರೆ ನೀರು ತುಂಬುವ ಚೀಲ ಸಿಗುತ್ತದೆ. ಒಂದು ಲೀಟರ್ ಅಂದರೆ ಒಂದು ಕೆ.ಜಿ., ಲೆಕ್ಕ ಸುಲಭ. ಬೋಟಿನ ಮೇಲೆ ಎಷ್ಟು ಭಾರ ಹೊರಬಹುದು ಅಂತ ಒಂದು ಫಲಕ ಇರುತ್ತದೆ. ಜನ, ಪೆಟ್ರೋಲು, ಚೀಲ ಎಲ್ಲಾ ಸೇರಿ ಅದರೊಳಗೇ ಇರಬೇಕು.

ಎಚ್‌ಪಿ ಯಾಕೆ 115ಕ್ಕಿಂತ ಕೆಳಗೆ ಬೇಡ? ನಾವು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದ್ದೇವೆ. ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗೋವಾದಲ್ಲಿ 150 ಎಚ್‌ಪಿ ಕೊಡುವ ಮೋಟರ್ ಇಲ್ಲಿ 140ರ ಹತ್ತಿರ ಕೊಡುತ್ತದೆ. ಪ್ರೊಪೆಲ್ಲರ್‌ನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರದ ಲೆಕ್ಕ) ಒಂದೆರಡು ಇಂಚು ಕಡಿಮೆ ಮಾಡಿಸಿದರೆ ಎಳೆಯುವ ಬಲ ವಾಪಸ್ ಬರುತ್ತದೆ, ಓಡುವ ವೇಗ ಸ್ವಲ್ಪ ಕಡಿಮೆಯಾಗುತ್ತದೆ. ನಿಮಗೆ ಬೇಕಾದ್ದು ಎಳೆಯುವ ಬಲವೇ ಅಲ್ವಾ.

ಟೂ ಸ್ಟ್ರೋಕ್ ಅಗ್ಗಕ್ಕೆ ಸಿಕ್ಕರೂ ತಗೋಬೇಡಿ. ಹಳೇ ಟೂ ಸ್ಟ್ರೋಕ್ ಮೋಟರ್ ಸುಡದ ಪೆಟ್ರೋಲು, ಆಯಿಲ್ ಎರಡನ್ನೂ ನೀರಿಗೇ ಉಗುಳುತ್ತದೆ. ಅದು ಮೈಸೂರು, ಮಂಡ್ಯ, ಬೆಂಗಳೂರು ಕುಡಿಯುವ ನೀರು. ಇನ್ನು ಪೆಟ್ರೋಲು. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆಸಿದ್ದು. ಔಟ್‌ಬೋರ್ಡ್ ಕಂಪನಿಗಳ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವುದು ಶೇ. 10ರವರೆಗೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ವಾರಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗುತ್ತದೆ. ನೀವು ಕೊಳ್ಳುವ ಮಾಡೆಲ್‌ಗೆ ಎಷ್ಟು ಎಥನಾಲ್ ನಡೆಯುತ್ತದೆ ಅಂತ ಡೀಲರ್‌ನಿಂದ ಬರವಣಿಗೆಯಲ್ಲಿ ಪಡೆಯಿರಿ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಮೋಟರ್ ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ.

ಟವರ್ ಬೇಕಾ ಅಂತಲೂ ಕೇಳಿದ್ದೀರಿ. ಹಗ್ಗ ಎತ್ತರದಿಂದ ಎಳೆದರೆ ವೇಕ್‌ಬೋರ್ಡ್‌ನಲ್ಲಿ ಏಳುವುದು, ಹಾರುವುದು ಎರಡೂ ಸಲೀಸು. ಔಟ್‌ಬೋರ್ಡ್ ಬೋಟಿಗೂ ಚಿಕ್ಕ ಟವರ್ ಅಥವಾ ಕಂಬ ಕೂರಿಸಬಹುದು. ಆದರೆ ಮಕ್ಕಳ ಟ್ಯೂಬನ್ನು ಅದಕ್ಕೆ ಕಟ್ಟಬೇಡಿ. ಟ್ಯೂಬಿನ ಮೂತಿ ನೀರೊಳಗೆ ಹೊಕ್ಕರೆ ಬೀಳುವ ಎಳೆತ ತುಂಬಾ ದೊಡ್ಡದು, ಅದಕ್ಕೆ ಕೆಳಗಿನ ಕೊಂಡಿಯೇ ಸರಿ. ಹಗ್ಗವೂ ಬೇರೆ ಬೇರೆ: ವೇಕ್‌ಬೋರ್ಡ್‌ಗೆ ಹಿಗ್ಗದ ಹಗ್ಗ, ಟ್ಯೂಬಿಗೆ ಸ್ವಲ್ಪ ಹಿಗ್ಗುವ, ಎಷ್ಟು ಜನಕ್ಕೆ ಅಂತ ಬರೆದಿರುವ ದಪ್ಪ ಹಗ್ಗ.

ಕೊಳ್ಳುವ ಮೊದಲು ಟ್ರಯಲ್ ಕೇಳಿ. ಇಬ್ಬರೇ ಕೂತು ಒಂದು ಸುತ್ತು ಹಾಕಿದರೆ ಎಲ್ಲಾ ಬೋಟೂ ಚೆನ್ನಾಗಿಯೇ ಓಡುತ್ತದೆ. ಆರು ಜನ ಕೂರಿ, ನಿಮ್ಮಲ್ಲಿ ಭಾರ ಜಾಸ್ತಿ ಇರುವವರನ್ನು ನೀರಿಗಿಳಿಸಿ, ಅವರನ್ನು ಎಳೆದು ನೋಡಿ. ಬಲ ಸಾಲದ ಬೋಟ್ ಕಬ್ಬು ಹೇರಿದ ಟ್ರ್ಯಾಕ್ಟರಿನ ಹಾಗೆ ಮೂತಿ ಎತ್ತಿಕೊಂಡು ಒದ್ದಾಡುತ್ತದೆ, ಓಡಿಸುವವನಿಗೆ ಮುಂದೇನಿದೆ ಅಂತ ಕಾಣುವುದಿಲ್ಲ. ಬೋಟ್ ಸಮಕ್ಕೆ ಬಂದ ಮೇಲೆ ಹಿಂದಿನ ಸೀಟಿನಲ್ಲಿ ಕೂತು ಅಲೆ ನೋಡಿ. ಹಗ್ಗದ ತುದಿ ಇರುವ ದೂರದಲ್ಲಿ ಎರಡೂ ಬದಿಯ ಅಲೆ ನುಣ್ಣಗೆ ಇಳಿಜಾರಾಗಿ ನಿಂತಿದೆಯಾ, ಇಲ್ಲಾ ತುದಿ ಒಡೆದು ನೊರೆ ಆಗಿದೆಯಾ? ನೊರೆ ಇದ್ದರೆ ವೇಗ ಗಂಟೆಗೆ ಒಂದೆರಡು ಕಿ.ಮೀ. ಹೆಚ್ಚಿಸಿ, ಜನರನ್ನು ಅತ್ತಿತ್ತ ಕೂರಿಸಿ ಮತ್ತೆ ನೋಡಿ. ಆಗಲೂ ಸರಿಹೋಗದಿದ್ದರೆ ಆ ಬೋಟ್ ಬೇಡ.

ಎಲ್ಲಿ ಓಡಿಸಬಾರದು ಅನ್ನೋದನ್ನೂ ಹೇಳಬೇಕು. ಕಟ್ಟೆಯ ಹತ್ತಿರ ಹೋಗಲೇಬೇಡಿ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸರ್ ಜಾಗ (ಅಂತರರಾಷ್ಟ್ರೀಯ ಒಪ್ಪಂದದಡಿ ಗುರುತಿಸಿದ ಜೌಗು ಪ್ರದೇಶ), ಅಲ್ಲಿ ಮೊಸಳೆಗಳೂ ಇವೆ. ಆ ಕಡೆಯ ನದಿಯಲ್ಲಿ ಇದರ ಮಾತೇ ಬೇಡ. ಹಿನ್ನೀರಿನಲ್ಲೂ ದಡದಿಂದ, ತೆಪ್ಪದಿಂದ ಕನಿಷ್ಠ 200 ಅಡಿ ದೂರ ಇರಿ. ನಿಮ್ಮ ಅಲೆಗೆ ಅವರ ತೆಪ್ಪ ಮಗುಚಬಹುದು. ಒಳನಾಡು ಹಡಗುಗಳ ಕಾಯ್ದೆ 2021ರ ಪ್ರಕಾರ ಮೋಟರ್ ಬೋಟಿಗೆ ಸರ್ವೆ, ನೋಂದಣಿ ಬೇಕು. ನಮ್ಮ ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯನ್ನು ಕೇಳಿ. ಕೆಆರ್‌ಎಸ್ ನೀರು ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿದೆ, ಅವರ ಅನುಮತಿ ಇಲ್ಲದೆ ದಡದ ಜಮೀನು ನಿಮ್ಮದು ಅನ್ನೋದರಿಂದ ಉಪಯೋಗವಿಲ್ಲ. ಈ ಎರಡು ಉತ್ತರ ಕೈಗೆ ಬರುವವರೆಗೆ ದುಡ್ಡು ಕಟ್ಟಬೇಡಿ. ಅಷ್ಟರಲ್ಲಿ ನಿಮ್ಮಲ್ಲಿ ಇಬ್ಬರು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಪವರ್‌ಬೋಟ್ ಓಡಿಸುವುದನ್ನು, ಮುಳುಗುವವರನ್ನು ಉಳಿಸುವುದನ್ನು ಕಲಿತು ಬನ್ನಿ.

ಬೋಟ್ ಬಂದ ಮೇಲೆ, ಓಡಿಸುವವನ ಮೈಗೆ ಕಿಲ್ ಸ್ವಿಚ್ ದಾರ (ಅವನು ಬಿದ್ದರೆ ಎಂಜಿನ್ ನಿಲ್ಲಿಸುವ ದಾರ) ಕಟ್ಟದೆ ಎಂಜಿನ್ ಶುರು ಮಾಡಬೇಡಿ. ಹಿಂದೆ ಎಳೆಸಿಕೊಳ್ಳುವವರನ್ನೇ ನೋಡುತ್ತಾ ಕೂರಲು ಇನ್ನೊಬ್ಬರು ಇರಲೇಬೇಕು. ಬಿದ್ದವರನ್ನು ಹತ್ತಿಸಿಕೊಳ್ಳುವಾಗ ನ್ಯೂಟ್ರಲ್ ಸಾಲದು, ಎಂಜಿನ್ ಪೂರ್ತಿ ಆಫ್ ಮಾಡಿ. ಮಕ್ಕಳಿಗೆ ಅವರವರ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ಕೊಳ್ಳಿ, ದೊಡ್ಡವರದ್ದನ್ನು ಬಿಗಿದು ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಮೋಟರಿಗಿಂತ ಮೊದಲು ಅದನ್ನು ಹೊತ್ತಿರುವ ಹಿಂದಿನ ಹಲಗೆ ನೋಡಿ. ಹಳೇ ಫೈಬರ್ ಬೋಟುಗಳಲ್ಲಿ ಅದರೊಳಗೆ ಪ್ಲೈವುಡ್ ಇರುತ್ತದೆ, ನೀರು ಹೊಕ್ಕರೆ ಕೊಳೆಯುತ್ತದೆ. ಸ್ಕ್ರೂಡ್ರೈವರ್‌ನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಟಕ್ ಟಕ್ ಅನ್ನುತ್ತದೆ, ಕೊಳೆತಿದ್ದರೆ ಸದ್ದು ಮಂಕಾಗುತ್ತದೆ. ಆಮೇಲೆ ಮೋಟರ್ ಎತ್ತಿ ಹಿಡಿದು ಕೆಳಕ್ಕೆ ಜಗ್ಗಿ. ಹಲಗೆ ಒಂದಿಷ್ಟು ಮಿಸುಕಿದರೂ ಬೇರೆ ಬೋಟ್ ಹುಡುಕಿ.