ಡಾಕ್ಟ್ರು ಓಡಿಸಿದ ಗಾಡಿ, ಬರೀ 38 ಸಾವಿರ ಓಡಿದೆ, ತಗೋಬಹುದಾ?

ಪ್ರಶ್ನೆ: ದಾವಣಗೆರೆಯಿಂದ ಹರಿಹರಕ್ಕೆ ದಿನಾ ಕೆಲಸಕ್ಕೆ ಹೋಗಿ ಬರಬೇಕು. ಬೈಕಲ್ಲಿ ಓಡಾಡಿ ಸಾಕಾಗಿದೆ. ಎರಡು ಲಕ್ಷದೊಳಗೆ 2013ರ ಒಂದು ಪೆಟ್ರೋಲ್ ಕಾರು ನೋಡಿದ್ದೇನೆ. ಡಾಕ್ಟರ್ ಓಡಿಸಿದ್ದು, ಸಿಂಗಲ್ ಓನರ್, 38 ಸಾವಿರ ಕಿಲೋಮೀಟರ್ ಅಷ್ಟೇ ಆಗಿದೆ. ತಗೋಬಹುದಾ?

ಉತ್ತರ: ಹಳೇ ಕಾರು ತಗೋಬಹುದು. ನೀವು ಹೇಳಿದ ಕಾರಣಕ್ಕೆ ಮಾತ್ರ ಬೇಡ.

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಕಾರು ಬೇರೆ, ಬಣ್ಣ ಬೇರೆ, ಡಾಕ್ಟರ್ ಮಾತ್ರ ಇದ್ದೇ ಇರುತ್ತಾರೆ. ನಮ್ಮೂರಲ್ಲಿ ಎರಡು ಮೆಡಿಕಲ್ ಕಾಲೇಜಿವೆ, ಡಾಕ್ಟರುಗಳಿಗೆ ಬರ ಇಲ್ಲ, ಒಪ್ಪಿದೆ. ಆದರೂ ಮಾರಾಟಕ್ಕೆ ಬರುವ ಕಾರನ್ನೆಲ್ಲ ಅವರೇ ಓಡಿಸಿದ್ದರೆ ಪೇಷೆಂಟ್ ನೋಡಿದ್ದು ಯಾವಾಗ?

ಮೊದಲು ನಿಮ್ಮ ಖರ್ಚು ನೋಡೋಣ. ಹರಿಹರಕ್ಕೆ ಹೋಗಿ ಬಂದರೆ ಸುಮಾರು 30 ಕಿಲೋಮೀಟರ್. ತಿಂಗಳಿಗೆ 25 ದಿನ ಅಂದರೆ 750. ಲೀಟರಿಗೆ 15 ಸಿಕ್ಕರೆ 50 ಲೀಟರ್, ಅಂದರೆ ಐದು ಸಾವಿರದ ಮೇಲೆ. ಇಷ್ಟು ಕಡಿಮೆ ಓಡಾಟಕ್ಕೆ ಹಳೇ ಡೀಸೆಲ್ ಗಾಡಿಯ ಉಸಾಬರಿ ಬೇಡ, ಪೆಟ್ರೋಲ್ ನೋಡಿದ್ದು ಸರಿ. 2013ರ ಗಾಡಿಗೆ ಆರ್‌ಸಿ 2028ರವರೆಗೆ ಇರುತ್ತದೆ. ಆಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮಾಡಿಸಿ ಐದೈದು ವರ್ಷ ಮುಂದುವರಿಸಬಹುದು. 2022ರ ಏಪ್ರಿಲ್‌ನಲ್ಲಿ ಆ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. "15 ವರ್ಷ ಆದ್ರೆ ಗುಜರಿಗೆ ಹಾಕ್ತಾರಂತೆ" ಅನ್ನುವ ಮಾತು ದೆಹಲಿ ಸುತ್ತಮುತ್ತಲಿನ ನಿಯಮದಿಂದ ಹುಟ್ಟಿದ್ದು. ದಾವಣಗೆರೆಗೂ ಅದಕ್ಕೂ ಸಂಬಂಧ ಇಲ್ಲ.

ಈಗ ಆ 38 ಸಾವಿರಕ್ಕೆ ಬರೋಣ. ಸ್ವಲ್ಪ ಕುಯ್ಯುತ್ತೇನೆ, ಸಹಿಸಿಕೊಳ್ಳಿ.

ಹನ್ನೆರಡು ವರ್ಷ ಅಂತಲೇ ಹಿಡಿದು 38 ಸಾವಿರವನ್ನು ದಿನಗಳಿಗೆ ಹಂಚಿ ನೋಡಿ. ದಿನಕ್ಕೆ ಒಂಬತ್ತು ಕಿಲೋಮೀಟರ್ ಕೂಡ ಬರುವುದಿಲ್ಲ. ಮೀಟರ್ ನಿಜ ಹೇಳುತ್ತಿದೆ ಅಂತಲೇ ಇಟ್ಟುಕೊಳ್ಳಿ. ಬೆಳಿಗ್ಗೆ ಮನೆಯಿಂದ ಆಸ್ಪತ್ರೆಗೆ ಎರಡು ಕಿಲೋಮೀಟರ್, ಊಟಕ್ಕೆ ಮನೆಗೆ ಎರಡು, ಸಂಜೆ ಕ್ಲಿನಿಕ್‌ಗೆ ಎರಡು, ರಾತ್ರಿ ವಾಪಸ್ ಎರಡು. ದಿನಕ್ಕೆ ನಾಲ್ಕು ಸಲ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಆಗಿದೆ, ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆಗಿದೆ. ಇಂಜಿನ್‌ಗೆ ಇದಕ್ಕಿಂತ ಕೆಟ್ಟ ಬಾಳು ಇಲ್ಲ. ತಣ್ಣಗಿದ್ದಾಗ ಅದು ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಸುಡದೆ ಉಳಿದದ್ದು ಇಳಿದು ಆಯಿಲ್ ಜೊತೆ ಸೇರುತ್ತದೆ, ಒಳಗಿನ ನೀರಾವಿ ಆರಿಹೋಗುವಷ್ಟು ಬಿಸಿ ಆಗುವುದೇ ಇಲ್ಲ, ಸೈಲೆನ್ಸರ್ ಒಳಗೆ ಅದೇ ನೀರು ನಿಂತು ತುಕ್ಕು ಹಿಡಿಯುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ. ಪಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತಿದ ಲೆಕ್ಕವನ್ನು ಯಾವ ಮೀಟರೂ ಬರೆದಿಡುವುದಿಲ್ಲ.

ನನ್ನ ಗಾಡಿ 1.6 ಲಕ್ಷ ದಾಟಿದೆ. ಅದರಲ್ಲಿ ಹೆಚ್ಚಿನದು ಐದು ವರ್ಷ ದಿನಾ ಚಿತ್ರದುರ್ಗಕ್ಕೆ ಹೋಗಿ ಬಂದದ್ದು. ಒಂದು ಕಡೆಗೆ 60 ಕಿಲೋಮೀಟರ್, ಆನಗೋಡು, ಭರಮಸಾಗರ ದಾಟಿ ಹೈವೇ ಮೇಲೆ ಟಾಪ್ ಗೇರಲ್ಲಿ ಎಂಬತ್ತರ ಸ್ಪೀಡು. ಹತ್ತು ನಿಮಿಷಕ್ಕೆ ಇಂಜಿನ್ ಹದವಾಗಿ ಬಿಸಿಯಾಗುತ್ತದೆ, ಆಮೇಲೆ ಮುಕ್ಕಾಲು ಗಂಟೆ ಅದಕ್ಕೆ ಕಷ್ಟವೇ ಇಲ್ಲ. ನಾನು ಅದನ್ನು ಮಾರಲು ಹೊರಟರೆ ಮೀಟರ್ ನೋಡಿದವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ನಾನಂತೂ ಮಾರುತ್ತಿಲ್ಲ.

ಓಡದೆ ನಿಂತರೆ ಗಾಡಿ ಹೊಸದಾಗಿಯೇ ಇರುತ್ತದೆ ಅನ್ನುವುದೂ ಸುಳ್ಳು. ರಬ್ಬರ್‌ಗೆ ಕಿಲೋಮೀಟರ್ ಗೊತ್ತಿಲ್ಲ, ವಯಸ್ಸು ಗೊತ್ತು. ನಮ್ಮ ಬಯಲುಸೀಮೆ ಬಿಸಿಲಿಗೆ ನಿಂತ ಗಾಡಿಯ ಹೋಸ್ ಪೈಪು, ಬುಷ್, ಬಾಗಿಲ ಬೀಡಿಂಗ್ ಎಲ್ಲ ಒಣಗಿ ಬಿರುಕು ಬಿಡುತ್ತವೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ನೋಡಿ. 1417 ಅಂತ ಇದ್ದರೆ 2017ರ ಹದಿನಾಲ್ಕನೇ ವಾರ ತಯಾರಾದ ಟೈರ್. ಮೇಲಿನ ಗೆರೆಗಳು ಎಷ್ಟೇ ಆಳ ಇರಲಿ, ಹೈವೇಗೆ ಅದು ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಓಡಿದರೂ ಓಡದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನೋಡಿದ್ದು ಆಲ್ಟೊ 800 ಆದರೆ ಅದರಲ್ಲಿ ಟೈಮಿಂಗ್ ಬೆಲ್ಟ್ ಇರುತ್ತದೆ, ಅದಕ್ಕೂ ವಯಸ್ಸಾಗುತ್ತದೆ. ಇನ್ನು ಈಗ ಬಂಕಲ್ಲಿ ಸಿಗುವುದು 20% ಎಥನಾಲ್ ಸೇರಿದ ಪೆಟ್ರೋಲ್. 2013ರ ಗಾಡಿಯ ಪೆಟ್ರೋಲ್ ಪೈಪುಗಳನ್ನು ಅದಕ್ಕಂತ ಮಾಡಿದ್ದಲ್ಲ, ಅವನ್ನೂ ಒಮ್ಮೆ ತೋರಿಸಿ.

ಇಷ್ಟೆಲ್ಲ ಮೀಟರ್ ನಿಜ ಇದ್ದರೆ. ಸುಳ್ಳಾದರೆ? ಮೀಟರ್ ತಿರುಗಿಸುವುದು ದೊಡ್ಡ ವಿದ್ಯೆ ಏನಲ್ಲ. ನೀವು ಬಾನೆಟ್ ಬಿಟ್ಟು ಡ್ರೈವರ್ ಸೀಟಲ್ಲಿ ಕೂತು ನೋಡಿ. ಕ್ಲಚ್ ಪೆಡಲ್ ರಬ್ಬರಿನ ಗೆರೆಗಳು ಸವೆದು ನುಣ್ಣಗಾಗಿ, ಒಂದು ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿದ್ದರೆ ಅದು 38 ಸಾವಿರದ ಸವೆತ ಅಲ್ಲ. ಸ್ಟೇರಿಂಗ್ ಮಿರಮಿರ ಹೊಳೆಯುತ್ತಿದೆಯಾ? ಬಾಗಿಲ ಕಡೆಯ ಸೀಟಿನ ಅಂಚು ಕುಸಿದಿದೆಯಾ? ಗಾಡಿ ಸರ್ವಿಸ್ ಆದ ಕಡೆ ನಂಬರ್ ಕೊಟ್ಟು ಹಳೇ ದಾಖಲೆ ತೋರಿಸಲು ಮಾರುವವರಿಗೇ ಹೇಳಿ, ಪ್ರತಿ ಸಲದ ಕಿಲೋಮೀಟರ್ ಅಲ್ಲಿರುತ್ತದೆ. "ಅದೆಲ್ಲ ಯಾಕೆ ಸರ್, ನಂಬಿಕೆ ಮೇಲೆ ವ್ಯವಹಾರ" ಅಂದರೆ ಟೀ ಕುಡಿದು ಎದ್ದು ಬನ್ನಿ.

ಅಂದರೆ ಮೀಟರ್ ನಿಜವಾದರೂ ಖರ್ಚಿದೆ, ಸುಳ್ಳಾದರೆ ಮೋಸವೂ ಇದೆ. ಆದರೂ ಫೋನ್ ಮಾಡಿದವರು ಮೊದಲು ಕೇಳುವುದು "ಎಷ್ಟು ಓಡಿದೆ?" ಅಂತಲೇ. ಯಾರು ಓಡಿಸಿದರು, ಎಲ್ಲಿ ಓಡಿಸಿದರು, ಆಯಿಲ್ ಯಾವಾಗ ಬದಲಿಸಿದರು ಅಂತ ಒಬ್ಬರೂ ಕೇಳುವುದಿಲ್ಲ.

ನಮ್ಮ ಮಾವನವರೂ ಕೇಳಲಿಲ್ಲ. ಅವರು ತಂದದ್ದು 29 ಸಾವಿರ ಓಡಿದ ಗಾಡಿ, ಒಳ್ಳೇ ಹೊಳಪು. ಬೇಸಿಗೆಯಲ್ಲಿ ಇಂಜಿನ್ ಕಾಯತೊಡಗಿತು. ಮೇಸ್ತ್ರಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಕೂಲಂಟ್ ಇಲ್ಲ, ಇಟ್ಟಿಗೆ ಬಣ್ಣದ ನೀರು. ವರ್ಷಗಟ್ಟಲೆ ಬೋರ್ ನೀರು ತುಂಬಿಸಿದ್ದರು. ನಮ್ಮ ಕಡೆ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ಲ, ಬೆಳ್ಳಗೆ ಕಟ್ಟಿಕೊಂಡಿರುತ್ತದೆ. ಅದೇ ರೇಡಿಯೇಟರ್ ಒಳಗೂ. ಹಾಗಾಗಿ ಗಾಡಿ ನೋಡಲು ಹೋದಾಗ ಇಂಜಿನ್ ತಣ್ಣಗೇ ಇರಲಿ ಅಂತ ಮೊದಲೇ ಹೇಳಿ, ಆ ಮುಚ್ಚಳ ನೀವೇ ತೆಗೆಸಿ ನೋಡಿ.

ನಿಮ್ಮ ಎರಡು ಲಕ್ಷದಲ್ಲಿ ಗಾಡಿಗೆ ಒಂದೂವರೆ ಮಾತ್ರ ಇಡಿ. ಉಳಿದದ್ದು ಟೈರ್, ಬ್ಯಾಟರಿ, ಕ್ಲಚ್, ಹೋಸುಗಳಿಗೆ ಬೇಕಾಗುತ್ತದೆ. ಇನ್ನೊಂದು ಮಾತು: 2013ರ ಬೇಸ್ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲ. ಇವೆರಡೂ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ, ಅದೂ ಆಗ ಡ್ರೈವರ್ ಕಡೆಯ ಏರ್‌ಬ್ಯಾಗ್ ಮಾತ್ರ. ಹರಿಹರದ ದಾರಿಯಲ್ಲಿ ಲಾರಿಗಳ ಮಧ್ಯೆ ದಿನಾ ಹೋಗುವವರು ಸ್ವಲ್ಪ ಜಾಸ್ತಿ ಕೊಟ್ಟಾದರೂ ಇವೆರಡೂ ಇರುವ ಮಾಡೆಲ್ ಹುಡುಕಿ. ಸೀಟ್ ಕವರಿಗೂ ಮ್ಯೂಸಿಕ್ ಸಿಸ್ಟಮಿಗೂ ದುಡ್ಡು ಕೊಡುತ್ತೀರಿ, ಇದಕ್ಕೆ ಕೊಡಲು ಯಾಕೆ ಹಿಂದೇಟು?

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರು ಬಂದ ಮೇಲೆ ಬೈಕ್ ಮಾರುತ್ತೀರಿ ತಾನೆ? ಗಾಡಿ ಬೇರೆಯವರ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ನೆ ಕೂರಬೇಡಿ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು, ಅಪಘಾತವಾದರೂ ಹುಡುಕಿಕೊಂಡು ಬರುವುದು ಅವರನ್ನೇ. ನಾನು ಪಾಠ ಹೇಳುತ್ತಿದ್ದೇನೆ, ನಿಜ, ಆದರೆ ನನ್ನ ಸ್ಕೂಟರ್ ಮಾರಿದಾಗ ನಾನೇ ಇದನ್ನು ಮಾಡಿರಲಿಲ್ಲ. ಎರಡು ವರ್ಷದ ಮೇಲೆ ಹೆಲ್ಮೆಟ್ ಇಲ್ಲ ಅಂತ ನನ್ನ ಹೆಸರಿಗೆ ದಂಡದ ನೋಟಿಸ್ ಬಂತು, ಫೋಟೊ ಸಮೇತ. ಮೂರು ಜನ ಕೂತಿದ್ದರು. ಸ್ಕೂಟರ್‌ಗೆ ಹೊಸ ಬಣ್ಣ ಹೊಡೆಸಿದ್ದರು, ನಾನು ಇಟ್ಟುಕೊಂಡದ್ದಕ್ಕಿಂತ ಚೆನ್ನಾಗಿಯೇ ಇತ್ತು.