ಮಷಿನ್ ಹೆಸರು ಆಮೇಲೆ, ಮೊದಲು ಬಾಬಿನ್ ತೋರಿಸಿ

ಹೋದ ತಿಂಗಳು ಆಲ್ದೂರಿನ ಕಡೆಯಿಂದ ಒಬ್ಬರು ಅಂಗಡಿಗೆ ಬಂದಿದ್ದರು. ಕೈಯಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ. ಅದರ ತುಂಬ ಕಬ್ಬಿಣದ ಚೂರುಗಳು.

"ಅಣ್ಣ, ನಮ್ಮತ್ತೆ ಮಷಿನ್ ಜೊತೆ ಇದ್ದವು ಇವು. ನಮ್ಮೆಜಮಾನ್ರು ಗುಜರಿಗೆ ಹಾಕು ಅಂದ್ರು. ಒಂದ್ಸಲ ತೋರಿಸ್ಕೊಂಡು ಬರೋಣ ಅಂತ ಬಂದೆ."

"ಮಷಿನ್ ಯಾವುದಮ್ಮ?"

"ಸಿಂಗರ್."

ಚಿಕ್ಕಮಗಳೂರಲ್ಲಿ ಇಪ್ಪತ್ತೆಂಟು ವರ್ಷದಿಂದ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದೇನೆ. ಈ ಉತ್ತರ ಕೇಳಿ ಕೇಳಿ ಸಾಕಾಗಿದೆ. ಯಾವ ಬಸ್ಸಿಗೆ ಬಂದ್ರಿ ಅಂದರೆ ಕೆಂಪು ಬಸ್ಸು ಅಂದ ಹಾಗೆ. ಸಿಂಗರ್ ಕಂಪನಿ ನೂರಾರು ಮಾಡೆಲ್ ಮಾಡಿದೆ. ಒಂದರ ಶಟಲ್, ಅಂದರೆ ಕೆಳದಾರವನ್ನು ಮೇಲ್ದಾರಕ್ಕೆ ಹೆಣೆಯುವ ಭಾಗ, ಇನ್ನೊಂದಕ್ಕೆ ಕೂರುವುದಿಲ್ಲ. ಅದಕ್ಕೇ ನಾನು ಹೆಸರು ಬಿಟ್ಟು ಬಾಬಿನ್, ಅಂದರೆ ಕೆಳದಾರ ಸುತ್ತುವ ಪುಟ್ಟ ಉರುಳೆ, ಕೇಳುತ್ತೇನೆ.

ನಮ್ಮ ಕಡೆ ಮನೆಗಳಲ್ಲಿ ಸಿಗುವ ಹಳೇ ಮಷಿನ್‌ಗಳಲ್ಲಿ ಜಾಸ್ತಿ ಕಾಣುವುದು ಮೂರು ಥರದ ಬಾಬಿನ್. ಒಂದು ಉದ್ದನೆಯದು, ಎರಡೂ ತುದಿಗೆ ಪುಟ್ಟ ಬಿಲ್ಲೆ ಇರುವ ಕಡ್ಡಿ. ಅಳತೆ ಒಂದೂಕಾಲು ಇಂಚಿನ ಹತ್ತಿರ. ಅದು ಬಂದೂಕಿನ ಗುಂಡಿನಂಥ ಶಟಲ್ ಒಳಗೆ ಕೂರುತ್ತದೆ, ಆ ಶಟಲ್ ಜೋಕಾಲಿ ಥರ ಹಿಂದೆ ಮುಂದೆ ಆಡುತ್ತದೆ. ಸಿಂಗರ್ 27, 28, 127, 128 ಎಲ್ಲ ಈ ಜಾತಿ. ದಾರ ಸುತ್ತುವ ಚಕ್ರ ಕೈಚಕ್ರದ ಪಕ್ಕ ಕೆಳಗಿದ್ದರೆ 27 ಅಥವಾ 28. ಮೇಲಿದ್ದರೆ 127 ಅಥವಾ 128.

ಇನ್ನೆರಡು ದುಂಡನೆಯ ಬಾಬಿನ್. ನೋಡಲು ಅಣ್ಣತಮ್ಮಂದಿರ ಹಾಗೆ, ಮೋಸ ಹೋಗುವುದು ಇಲ್ಲೇ. ಎರಡನ್ನೂ ಟೇಬಲ್ ಮೇಲೆ ಅಂಗಾತ ಮಲಗಿಸಿ, ಕಣ್ಣು ಅದೇ ಮಟ್ಟಕ್ಕೆ ತಂದು ನೋಡಿ. ಮೇಲ್ಮೈ ಸಪಾಟಾಗಿದ್ದರೆ 15ನೇ ಕ್ಲಾಸಿನದು, ಅಂದರೆ ಸಿಂಗರ್ 15 ಮಾಡೆಲ್ ಜಾತಿಯದು. ಅದು ಮಷಿನ್ನಿನ ಎಡ ತುದಿಯಲ್ಲಿ, ಸ್ಟೀಲಿನ ಬಾಬಿನ್ ಕೇಸ್ ಒಳಗೆ ಕೂರುತ್ತದೆ. ಮಧ್ಯೆ ಸ್ವಲ್ಪ ಉಬ್ಬಿದ್ದರೆ 66ನೇ ಕ್ಲಾಸಿನದು. ಅದನ್ನು ಸೂಜಿಯ ಹತ್ತಿರದ ಪ್ಲೇಟು ಸರಿಸಿ ಮೇಲಿನಿಂದ ಇಳಿಬಿಡುವುದು. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಕೂತ ಹಾಗೇ ಕಾಣುತ್ತದೆ, ನಾಲ್ಕು ಹೊಲಿಗೆ ಬೀಳುತ್ತದೆ, ಆಮೇಲೆ ಕೆಳಗೆ ದಾರದ ಗೂಡು ಕಟ್ಟುತ್ತದೆ. "ಟೆನ್ಷನ್ ಸರಿ ಇಲ್ಲ" ಅಂತ ನನ್ನ ಹತ್ತಿರ ಬರುವ ಮಷಿನ್‌ಗಳಲ್ಲಿ ಎಷ್ಟೋ ಸಲ ತಪ್ಪು ಇಷ್ಟೇ ಇರುತ್ತದೆ.

ನಿಮ್ಮದು 15 ಆಗಿದ್ದರೆ ಪುಣ್ಯವಂತರು. ಉಷಾ ಮಷಿನ್ ತಂದ ಜಯ್ ಎಂಜಿನಿಯರಿಂಗ್ ವರ್ಕ್ಸ್ 1935ರಲ್ಲಿ ಕಲ್ಕತ್ತದಲ್ಲಿ ಶುರುವಾಯಿತು. ಹಳೇ ಕಪ್ಪು ಉಷಾದ ಮೂಲ ಆಕಾರ ಇದೇ 15. ಲೂಧಿಯಾನದಿಂದ ನಾನಾ ಹೆಸರಲ್ಲಿ ಬಂದ ಕಪ್ಪು ಮಷಿನ್‌ಗಳಲ್ಲೂ ಬಹುಪಾಲು ಅದೇ. ಹಾಗಾಗಿ ಶಟಲ್, ಬಾಬಿನ್ ಕೇಸ್, ಟೆನ್ಷನ್ ಸ್ಪ್ರಿಂಗು, ಬಟ್ಟೆ ಸರಿಸುವ ಹಲ್ಲು ಎಲ್ಲ ಇವತ್ತಿಗೂ ಹೊಸದೇ ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ. ಬಾಬಿನ್ ಕೇಸಿಗೆ ಬೆರಳಿನಂಥ ಒಂದು ಕಡ್ಡಿ ಇರುತ್ತದಲ್ಲ, ಅದು ಕೆಲವದರಲ್ಲಿ ನೆಟ್ಟಗಿನಿಂದ ಎಡಕ್ಕೆ ವಾಲಿರುತ್ತದೆ, ಕೆಲವದರಲ್ಲಿ ಬಲಕ್ಕೆ. ಮಷಿನ್ನಿನ ಕಚ್ಚು ಎಲ್ಲಿದೆಯೋ ಬೆರಳು ಅಲ್ಲಿಗೇ ಕೂರಬೇಕು. ಅದಕ್ಕೇ ಹಳೇ ಕೇಸನ್ನು ಜೇಬಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

ಸೂಜಿಯ ಚಿಂತೆ ಬೇಡ. ಈ ಮೂರು ಜಾತಿಗೂ ಈಗಿನ ಮನೆ ಮಷಿನ್ನಿನ ಎಚ್‌ಎ ಸೂಜಿಯೇ ಆಗುತ್ತದೆ. ಉದ್ದನೆಯ ಗೀರು ಇರುವ ಕಡೆಯಿಂದ ದಾರ ಪೋಣಿಸಬೇಕು. ಸೂಜಿಯ ಚಪ್ಪಟೆ ಭಾಗ ಅದರ ಎದುರು ಬದಿಗೆ ಇರುತ್ತದೆ.

ಇನ್ನು ನಂಬರ್ ವಿಷಯ. ಫೋನ್ ಮಾಡಿ "ಅಣ್ಣ, ನಂಬರ್ ಸಿಕ್ತು, ಬರ್ಕೊಳ್ಳಿ" ಅನ್ನುತ್ತಾರೆ. ಆ ನಂಬರ್ ಬಟ್ಟೆ ಒತ್ತಿಹಿಡಿಯುವ ಫುಟ್ಟಿನ ಮೇಲಿಂದೋ ಪ್ಲೇಟಿನ ಅಡಿಯಿಂದೋ ಓದಿರುತ್ತಾರೆ. ಅದು ಆ ತುಂಡಿನ ನಂಬರ್, ಮಷಿನ್ನಿನದಲ್ಲ. ಪಕ್ಕದಲ್ಲಿ ಸಿಮಾಂಕೋ ಎಂದು ಇಂಗ್ಲಿಷಲ್ಲಿ ಒತ್ತಿದ್ದರೆ ಅದು ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಚುಟುಕು ರೂಪ. ಮಷಿನ್ನಿನ ನಂಬರ್ ಇರುವುದು ಹಾಸಿನ ಮೇಲೆ, ಬಲಗಡೆ ಕಂಬದ ಬುಡದಲ್ಲಿ. ಬರೀ ಅಂಕಿ ಇದ್ದರೆ 1900ಕ್ಕಿಂತ ಹಿಂದಿನದು. ಮುಂದೆ ಒಂದು ಇಂಗ್ಲಿಷ್ ಅಕ್ಷರ ಇದ್ದರೆ ಆಮೇಲಿನದು. ಎರಡಕ್ಷರ ಶುರುವಾಗಿದ್ದು ಇನ್ನೂ ಆಮೇಲೆ. ಇ ಅಕ್ಷರದಿಂದ ಶುರುವಾಗುವ ಜೋಡಿಗಳು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು. 15ಕೆ, 66ಕೆ ಅನ್ನುವಾಗ ಬರುವ ಕೆ ಕೂಡ ಅದೇ ಜಾಗದ್ದು, ಕಿಲ್‌ಬೋವಿ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು.

ಬಾಟಲಿಗೆ ಬರೋಣ. ಪೇಪರ್ ಹಾಸಿ ಸುರಿದೆ. ಆಲ್ದೂರಿನ ಅಕ್ಕ ಮೊಬೈಲಲ್ಲಿ ಮಷಿನ್ ಫೋಟೋ ತೋರಿಸಿದರು. ಬಾಬಿನ್ ಮೇಲಿನಿಂದ ಇಳಿಯುವ 66. ಫುಟ್ ಹಿಡಿಯುವ ಸ್ಕ್ರೂ ಪಕ್ಕದಲ್ಲಿತ್ತು, ನನಗೆ ಸಮಾಧಾನವಾಯಿತು. ತೀರಾ ಹಳೇ 66ಗಳಲ್ಲಿ ಆ ಸ್ಕ್ರೂ ಫುಟ್ ಕೂರುವ ಕಂಬಿಯ ಹಿಂದೆ ಇರುತ್ತದೆ, ಅವಕ್ಕೆ ಬೇರೆಯದೇ ಫುಟ್‌ಗಳು ಬೇಕು, ಹುಡುಕುವುದು ತಲೆನೋವು. ಪಕ್ಕದ ಸ್ಕ್ರೂ ಇದ್ದರೆ ಒಂದು ಅಳತೆ ಸಾಕು. ಫುಟ್ಟಿನ ತಳದಿಂದ ಸ್ಕ್ರೂವಿನ ನಡುವಿಗೆ ಸ್ಕೇಲ್ ಹಿಡಿಯಿರಿ. ಸುಮಾರು ಅರ್ಧ ಇಂಚು ಬಂದರೆ ಲೋ ಶ್ಯಾಂಕ್, ಒಂದು ಇಂಚು ಬಂದರೆ ಹೈ ಶ್ಯಾಂಕ್. ಮನೆ ಮಷಿನ್‌ಗಳಲ್ಲಿ ಜಾಸ್ತಿ ಲೋ ಶ್ಯಾಂಕೇ. ಲೋ ಶ್ಯಾಂಕ್ ಫುಟ್ ಉಷಾಕ್ಕೂ ಆಗುತ್ತದೆ, 127ಕ್ಕೂ ಆಗುತ್ತದೆ.

ಚೂರುಗಳ ನಡುವೆ ಜೇಡದಂಥದ್ದೊಂದು ಇತ್ತು. ಅಕ್ಕ ಅದನ್ನೇ ತೋರಿಸಿ "ಇದೇನೋ ಮುರ್ದಿರೋದು" ಅಂದರು. ಮುರಿದಿರಲಿಲ್ಲ, ಅದು ರಫ್ಲರ್. ಪಕ್ಕದಲ್ಲಿ ಕವಲೊಡೆದ ತೋಳು, ಮುಂದೆ 1, 6, 12 ಅಂಕಿ ಮತ್ತು ಒಂದು ನಕ್ಷತ್ರ. ಕವಲನ್ನು ಸೂಜಿ ಬಿಗಿಯುವ ಸ್ಕ್ರೂಗೆ ಸಿಕ್ಕಿಸಬೇಕು. ಸೂಜಿ ಏರಿಳಿದಂತೆ ತೋಳು ಏರಿಳಿಯುತ್ತದೆ, ಒಳಗಿನ ಸಣ್ಣ ಹಲ್ಲಿನ ಪಟ್ಟಿ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತದೆ. 1ಕ್ಕೆ ಇಟ್ಟರೆ ಹೊಲಿಗೆಗೊಂದು ನೆರಿಗೆ. 6ಕ್ಕೆ ಆರು ಹೊಲಿಗೆಗೊಂದು, 12ಕ್ಕೆ ಹನ್ನೆರಡಕ್ಕೊಂದು. ನಕ್ಷತ್ರಕ್ಕೆ ಇಟ್ಟರೆ ನೆರಿಗೆ ನಿಲ್ಲುತ್ತದೆ, ಸುಮ್ನೆ ನೇರ ಹೊಲಿಗೆ. ಮಕ್ಕಳ ಫ್ರಾಕಿನ ಫ್ರಿಲ್ ಕೈಯಲ್ಲಿ ಮಡಚಿ ಮಡಚಿ ಹಾಕುವವರು ಇದನ್ನು ನೋಡಿದರೆ ಅತ್ತುಬಿಡುತ್ತಾರೆ.

ಉಳಿದವನ್ನು ಗುರುತಿಸುವುದಕ್ಕೆ ಬಟ್ಟೆ ಎಲ್ಲಿ ಹೊಕ್ಕು ಹೇಗೆ ಹೊರಬರುತ್ತದೆ ಅಂತ ನೋಡಬೇಕು. ಒಂದು ಕಾಗದದ ಪಟ್ಟಿ ತೂರಿಸಿ. ಬಸವನಹುಳದಂಥ ಸುರುಳಿಯಲ್ಲಿ ಅಂಚು ತಾನೇ ಮಡಚಿಕೊಂಡರೆ ಹೆಮ್ಮರ್. ಪಟ್ಟಿ ಎರಡೂ ಕಡೆ ಮಡಚಿ ಬಂದರೆ ಪೈಪಿಂಗ್ ಕೂರಿಸುವ ಬೈಂಡರ್. ಒಂದರ ಮೇಲೊಂದು ಸೀಳುಗಳಿದ್ದರೆ ಲೇಸ್ ಕೂಡಿಸುವ ಎಡ್ಜ್ ಸ್ಟಿಚರ್.

ಒಂದು ತಪ್ಪು ನಾನೇ ಮಾಡಿದ್ದು ಹೇಳಬೇಕು. ಶುರುವಿನ ವರ್ಷಗಳಲ್ಲಿ ಒಬ್ಬರ 15ಕೆ ಮಷಿನ್ನಿನ ಫುಟ್ ಸ್ಕ್ರೂ ಕಳೆದಿತ್ತು. ಹಾರ್ಡ್‌ವೇರ್ ಅಂಗಡಿಯಿಂದ ಹೆಚ್ಚುಕಮ್ಮಿ ಅದೇ ದಪ್ಪದ್ದು ತಂದು ತಿರುಗಿಸಿದೆ. ಎರಡು ಸುತ್ತು ಹೋಯಿತು, ಆಮೇಲೆ ಬಿಗಿ. ಇನ್ನೊಂಚೂರು ಒತ್ತಿದೆ. ಒಳಗಿನ ಮರೆ, ಅಂದರೆ ಸ್ಕ್ರೂ ತಿರುಗಿ ಕೂರುವ ಸುರುಳಿ ಗೀರು, ಪೂರ್ತಿ ತಿಂದುಹೋಯಿತು. ಕಂಬಿಯನ್ನೇ ಬದಲಾಯಿಸಿ ಕೊಡಬೇಕಾಯಿತು, ಸ್ವಂತ ದುಡ್ಡಲ್ಲಿ. ಸಿಂಗರ್ ಸ್ಕ್ರೂಗಳ ಮರೆ ಬಜಾರಿನ ಮಿಲಿಮೀಟರ್ ಸ್ಕ್ರೂಗೆ ಹೊಂದುವುದಿಲ್ಲ. ಬೆರಳಲ್ಲಿ ತಿರುಗದಿದ್ದರೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಪಾರ್ಟ್ ಎಲ್ಲಿ ಹುಡುಕುವುದು? 15ರದ್ದಾದರೆ ನಮ್ಮೂರು, ಹಾಸನದ ಮಷಿನ್ ಅಂಗಡಿಗಳಲ್ಲೇ ವಿಚಾರಿಸಿ, ಇಲ್ಲದಿದ್ದರೆ ಬೆಂಗಳೂರಿನ ಚಿಕ್ಕಪೇಟೆ. ಉದ್ದ ಬಾಬಿನ್ ಹೊಸದು ತರಿಸಬಹುದು. ಗುಂಡು ಶಟಲ್ ಮಾತ್ರ ಹಳೆಯದೇ ಒಳ್ಳೆಯದು, ಮೊನೆ ಸವೆದಿಲ್ಲವಾ ಅಂತ ಉಗುರಲ್ಲಿ ಸವರಿ ನೋಡಿ ತಗೊಳ್ಳಿ. ನಾನು ಗುಜರಿಯಿಂದ ಇಡೀ ಮಷಿನ್ ತಲೆಯನ್ನೇ ತೂಕಕ್ಕೆ ತಂದು ಬಿಚ್ಚಿಡುತ್ತೇನೆ. ಮಲೆನಾಡಿನ ಮಳೆಗೆ ಹೊರಗೆ ತುಕ್ಕು ಹಿಡಿದಿದ್ದರೂ ಒಳಗಿನ ಗೇರು, ಸ್ಕ್ರೂ ಚೆನ್ನಾಗಿರುತ್ತವೆ. ತುಕ್ಕಿಗಿಂತ ದೊಡ್ಡ ಶತ್ರು ಕೊಬ್ಬರಿ ಎಣ್ಣೆ. ಮನೆಯಲ್ಲಿರುವುದನ್ನೇ ಬಿಡುತ್ತಾರೆ, ಅದು ವರ್ಷ ಕಳೆದಂತೆ ಗೋಂದಾಗುತ್ತದೆ. ಚಕ್ರ ತಿರುಗದಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಸೀಮೆಎಣ್ಣೆ ಬಿಟ್ಟು ಎರಡು ದಿನ ಕಾಯಿರಿ, ಆಮೇಲೆ ಮಷಿನ್ ಎಣ್ಣೆ ಹಾಕಿ.

ಹಳೇ ಸಿಂಗರಲ್ಲಿ ಕೆಂಪು ಪಾದರಸ ಇದೆಯಂತೆ, ಲಕ್ಷಗಟ್ಟಲೆ ಬರುತ್ತಂತೆ ಅಂತ ಈಗಲೂ ಕೆಲವರು ಕೇಳುತ್ತಾರೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಈ ಗಾಳಿಸುದ್ದಿಗೆ ಜನ ಹುಚ್ಚಾಗಿ ಮಷಿನ್ ಕೊಂಡರು. ಎಷ್ಟು ಮಷಿನ್ ಬಿಚ್ಚಿದ್ದೇನೋ ಲೆಕ್ಕವಿಲ್ಲ. ಒಳಗೆ ಸಿಕ್ಕಿದ್ದು ದಾರದ ಚೂರು, ಜಿರಲೆ ಮೊಟ್ಟೆ, ಒಮ್ಮೆ ನಾಲ್ಕಾಣೆ.

ಆಲ್ದೂರಿನ ಅಕ್ಕನ ಚೂರುಗಳನ್ನು ವಿಂಗಡಿಸಿದ ಮೇಲೆ ಒಂದು ಉಳಿಯಿತು. ಗುಂಡಿನಾಕಾರದ ಶಟಲ್, ಒಳಗೆ ಅರ್ಧ ಸುತ್ತಿದ ನೀಲಿ ದಾರ. ಅದು 66ಕ್ಕೆ ಸೇರಿದ್ದೇ ಅಲ್ಲ.

"ಅಮ್ಮ, ನಿಮ್ಮನೇಲಿ ಇನ್ನೊಂದು ಮಷಿನ್ ಇತ್ತಾ?"

"ಇಲ್ಲಪ್ಪ, ಇದೊಂದೇ" ಅಂದರು. ಆದರೂ ಅನುಮಾನಕ್ಕೆ ಅತ್ತೆಗೆ ಫೋನ್ ಹಚ್ಚಿದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟು ನನ್ನ ಮುಖ ನೋಡಿದರು.

"ಅಟ್ಟದ ಮೇಲೆ ಸೌದೆ ಹಿಂದೆ ಒಂದಿದ್ಯಂತೆ. ಕೈಯಲ್ಲಿ ತಿರುಗಿಸೋದು. ಶಟಲ್ ಕಳೆದೋಯ್ತು ಅಂತ ಎತ್ತಿಟ್ಟಿದ್ರಂತೆ."